ಸಹಿ ದೂರದಲ್ಲಿ, ನಷ್ಟ ಬೆಟ್ಟದಲ್ಲಿ

ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಕಾಳುಮೆಣಸು ಆಪತ್ಕಾಲದ ಬಂಧು. ಅಡಿಕೆ ಮರಕ್ಕೋ ಕಾಫಿ ತೋಟದ ನೆರಳಿನ ಮರಕ್ಕೋ ಹಬ್ಬಿದ ಬಳ್ಳಿಯಿಂದ ವರ್ಷಕ್ಕೊಮ್ಮೆ ಬರುವ ಈ ಬೆಳೆ ಮನೆಯ ಮದುವೆ, ಆಸ್ಪತ್ರೆ, ಮಕ್ಕಳ ಕಾಲೇಜಿನ ಖರ್ಚುಗಳ ಭಾರವನ್ನು ಹೊತ್ತುಕೊಂಡು ಬಂದಿದೆ. ಚೆನ್ನಾಗಿ ಒಣಗಿಸಿ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುವ ಮೆಣಸಿನ ಮೇಲೆ, ಬ್ಯಾಂಕಿನ ಠೇವಣಿಗಿಂತ ಹೆಚ್ಚಿನ ಭರವಸೆ ಹಳೆಯ ತಲೆಮಾರಿಗಿತ್ತು. ಆ ಭರವಸೆ ಕಳೆದ ಮೂರು ದಶಕಗಳಲ್ಲಿ ಎರಡು ಬಾರಿ ಕುಸಿದುಬಿದ್ದಿತು. 1999ರ ಸುಮಾರಿಗೆ ಕಿಲೋ ಒಂದಕ್ಕೆ 200 ರೂಪಾಯಿ ದಾಟಿದ್ದ ಧಾರಣೆ 2002ರ ಹೊತ್ತಿಗೆ 100 ರೂಪಾಯಿಯ ಕೆಳಗಿಳಿಯಿತು. ಮತ್ತೆ ಚೇತರಿಸಿಕೊಂಡು 2015-16ರಲ್ಲಿ 700 ರೂಪಾಯಿಯ ಆಸುಪಾಸು ಮುಟ್ಟಿದ್ದು, ಮೂರು ವರ್ಷಗಳೊಳಗೆ 400ರ ಕೆಳಗೆ ಬಂದು ನಿಂತಿತು.

ಸೊರಗು ರೋಗ ಬಂದಾಗ ರೈತ ಬಳ್ಳಿಯ ಬುಡ ಕೆದಕಿ ನೋಡುತ್ತಾನೆ, ಬಸಿಗಾಲುವೆ ತೆಗೆಯುತ್ತಾನೆ, ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ಧಾರಣೆ ಸೊರಗಿದಾಗ ಕೆದಕಿ ನೋಡಬೇಕಾದ ಬುಡ ತೋಟದಲ್ಲಿರುವುದಿಲ್ಲ. ಅದು ಕಡಲಾಚೆಯ ತೋಟಗಳಲ್ಲಿ, ಬಂದರಿನ ಗೋದಾಮುಗಳಲ್ಲಿ, ರಾಜಧಾನಿಗಳಲ್ಲಿ ಸಹಿಯಾದ ಒಪ್ಪಂದಗಳ ಪುಟಗಳಲ್ಲಿ ಇರುತ್ತದೆ. ಆ ಪುಟಗಳನ್ನು ಬರೆಯುವಾಗ ಬೆಟ್ಟದ ರೈತನನ್ನಾಗಲಿ ತೋಟದ ಆಳನ್ನಾಗಲಿ ಕೇಳಿದವರಿಲ್ಲ. ಧಾರಣೆ ಬಿದ್ದ ಮೇಲೆ ಅವರ ನಷ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೂ ಆ ಪುಟಗಳಲ್ಲಿ ಉತ್ತರವಿಲ್ಲ. ಅಂತರರಾಷ್ಟ್ರೀಯ ವ್ಯಾಪಾರದಿಂದ ಏಟು ತಿಂದ ದುಡಿಮೆಗಾರರಿಗೂ ಸಣ್ಣ ಉದ್ಯಮಗಳಿಗೂ ನೆರವು ನೀಡುವುದು ಸರ್ಕಾರದ ಔದಾರ್ಯವೋ, ತೀರಿಸಲೇಬೇಕಾದ ಋಣವೋ ಎಂಬುದನ್ನು ಮಲೆನಾಡು ಈಗ ಸ್ಪಷ್ಟವಾಗಿ ಕೇಳಬೇಕಾಗಿದೆ.

ಬಾಗಿಲು ತೆರೆದ ಬಗೆ

1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. 2001ರ ಏಪ್ರಿಲ್ 1ರಂದು ಭಾರತ ತನ್ನ ಆಮದು ಪಟ್ಟಿಯಲ್ಲಿ ಉಳಿದಿದ್ದ 715 ಸರಕುಗಳ ಮೇಲಿನ ಪರಿಮಾಣ ನಿರ್ಬಂಧವನ್ನು ತೆಗೆದುಹಾಕಿತು. ಅದಕ್ಕೂ ಮೊದಲೇ, 1998ರ ಡಿಸೆಂಬರ್‌ನಲ್ಲಿ ಶ್ರೀಲಂಕಾದೊಡನೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿಯಾಗಿ 2000ದ ಮಾರ್ಚ್‌ನಿಂದ ಅದು ಜಾರಿಗೆ ಬಂದಿತ್ತು. ಮುಂದೆ ಆ ದೇಶದ ಮೆಣಸಿಗೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವಿಲ್ಲದ ಪ್ರವೇಶ, ಅದರಾಚೆಗೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ. 8ರ ಸುಂಕ ಎಂಬ ವ್ಯವಸ್ಥೆ ರೂಪುಗೊಂಡಿತು. 2009ರ ಆಗಸ್ಟ್‌ನಲ್ಲಿ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದೊಡನೆ ಸರಕು ಒಪ್ಪಂದವಾಯಿತು. ಕಾಳುಮೆಣಸು, ಕಾಫಿ, ಚಹ, ತಾಳೆ ಎಣ್ಣೆಗಳನ್ನು ಅದರಲ್ಲಿ ವಿಶೇಷ ಸರಕುಗಳೆಂದು ಹೆಸರಿಸಲಾಯಿತಾದರೂ, ಮೆಣಸಿನ ಸುಂಕವನ್ನು ಶೇ. 70ರಿಂದ 50ಕ್ಕೂ ಕಾಫಿಯ ಸುಂಕವನ್ನು ಶೇ. 100ರಿಂದ 45ಕ್ಕೂ 2019ರ ಅಂತ್ಯದೊಳಗೆ ಹಂತ ಹಂತವಾಗಿ ಇಳಿಸಲು ದೇಶ ಒಪ್ಪಿಕೊಂಡಿತು.

ಇದೇ ಅವಧಿಯಲ್ಲಿ ವಿಯೆಟ್ನಾಂ ಜಗತ್ತಿನ ಅತಿ ದೊಡ್ಡ ಮೆಣಸು ಉತ್ಪಾದಕನಾಗಿ ಬೆಳೆಯಿತು. ಶೇ. 50ರ ಸುಂಕ ತೆರಬೇಕಾದ ವಿಯೆಟ್ನಾಂ ಮೆಣಸು, ಶ್ರೀಲಂಕಾದ ಮೆಣಸೆಂಬ ಹೆಸರು ಹೊತ್ತು ಶೇ. 8ರ ಬಾಗಿಲಿನಿಂದ ಒಳಗೆ ಬರುತ್ತಿದೆ ಎಂದು ಬೆಳೆಗಾರರ ಸಂಘಟನೆಗಳು ವರ್ಷಗಳ ಕಾಲ ದೂರಿದವು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರವನ್ನು ಗೊತ್ತುಪಡಿಸಿತು.

ಎಲ್ಲ ಕುಸಿತಕ್ಕೂ ಒಪ್ಪಂದಗಳೇ ಕಾರಣವೆನ್ನುವುದು ಸರಿಯಲ್ಲ. ಕಾಫಿಯ ಕಥೆಯೇ ಬೇರೆ. ಉತ್ಪಾದಕ ದೇಶಗಳ ನಡುವೆ ರಫ್ತಿನ ಪಾಲನ್ನು ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ವ್ಯವಸ್ಥೆ 1989ರ ಜುಲೈನಲ್ಲಿ ಮುರಿದುಬಿತ್ತು. ಹತ್ತು ವರ್ಷಗಳ ಬಳಿಕ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ತುಂಬಿ ತುಳುಕಿ, 2001-02ರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆಯನ್ನು ಕಂಡರು. ಅಲ್ಲಿ ಆಮದಿನ ಹಾವಳಿ ಇರಲಿಲ್ಲ. ರಫ್ತಿನ ಮಾರುಕಟ್ಟೆಯೇ ಕುಸಿದಿತ್ತು.

ಹಾಗೆಂದು ಹೊರದೇಶದ ವ್ಯಾಪಾರಕ್ಕೆ ಬಾಗಿಲು ಹಾಕಿದರೆ ಮಲೆನಾಡು ಉದ್ಧಾರವಾಗದು. ಭಾರತದ ಕಾಫಿಯಲ್ಲಿ ಹೆಚ್ಚೂಕಡಿಮೆ ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಒಟ್ಟು ಕಾಫಿಯ ಬಹುಪಾಲು ಮಾರಾಟವಾಗುವುದು ಹೊರದೇಶಗಳಲ್ಲಿ. ಪಶ್ಚಿಮ ಘಟ್ಟದ ಮೆಣಸಂತೂ ರೋಮನರ ಕಾಲದಿಂದ ಕಡಲು ದಾಟುತ್ತಲೇ ಇದೆ. ವ್ಯಾಪಾರದಿಂದ ಬದುಕು ಕಟ್ಟಿಕೊಂಡ ಸೀಮೆ ವ್ಯಾಪಾರವೇ ಬೇಡವೆಂದರೆ ಮೊದಲು ಹಸಿಯುವುದು ಆ ಸೀಮೆಯೇ. ಕೇಳಬೇಕಾದದ್ದು ಲಾಭನಷ್ಟಗಳ ಹಂಚಿಕೆಯ ಲೆಕ್ಕವನ್ನು.

ಆ ಲೆಕ್ಕ ಬಹಳ ಸರಳ. ಮೆಣಸಿನ ಬೆಲೆ ಕಿಲೋಗೆ 300 ರೂಪಾಯಿ ಇಳಿಯಿತೆಂದುಕೊಳ್ಳೋಣ. ವರ್ಷಕ್ಕೆ ಅರ್ಧ ಕಿಲೋ ಮೆಣಸು ಬಳಸುವ ಪಟ್ಟಣದ ಕುಟುಂಬಕ್ಕೆ 150 ರೂಪಾಯಿ ಉಳಿತಾಯ. ಅದು ಆ ಕುಟುಂಬದ ಗಮನಕ್ಕೂ ಬಾರದು. ಎರಡು ಕ್ವಿಂಟಲ್ ಬೆಳೆಯುವ ರೈತನಿಗೆ 60,000 ರೂಪಾಯಿ ಖೋತಾ. ಲಾಭ ಕೋಟಿ ಮನೆಗಳಿಗೆ ಚಿಟಿಕೆ ಚಿಟಿಕೆಯಾಗಿ ಹಂಚಿಹೋಗುತ್ತದೆ. ನಷ್ಟ ಮಾತ್ರ ಕೆಲವೇ ತಾಲ್ಲೂಕುಗಳ ಮೇಲೆ ಮೂಟೆಯಾಗಿ ಬಂದು ಬೀಳುತ್ತದೆ. ಒಟ್ಟು ದೇಶಕ್ಕೆ ಲಾಭವೆಂಬ ವಾದ ನಿಜವೇ ಆಗಿದ್ದರೆ, ಆ ಲಾಭದ ಒಂದು ಪಾಲು ನಷ್ಟದ ಮೂಟೆ ಹೊತ್ತವರಿಗೆ ಸಲ್ಲಬೇಕಾದದ್ದು ನ್ಯಾಯ.

ನಷ್ಟ ಇಳಿಯುವ ದಾರಿ

ಬಿದ್ದ ಧಾರಣೆ ತೋಟದ ಒಡೆಯನ ಲೆಕ್ಕದ ಪುಸ್ತಕದಲ್ಲಿಯೇ ನಿಲ್ಲುವುದಿಲ್ಲ. ಮಳೆನೀರಿನಂತೆ ಅದೂ ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಮೊದಲು ನಿಲ್ಲುವುದು ಮರಗಸಿ, ಕಳೆ ತೆಗೆಯುವುದು, ಗೊಬ್ಬರ ಹಾಕುವುದು ಮುಂತಾದ, ಒಂದು ವರ್ಷ ತಳ್ಳಿದರೂ ನಡೆಯುತ್ತದೆ ಎನ್ನಿಸುವ ಕೆಲಸಗಳು. ಅಂದರೆ ಮೊದಲು ಕಳೆದುಹೋಗುವುದು ಲೈನ್ ಮನೆಗಳಲ್ಲಿರುವವರ ದುಡಿಮೆಯ ದಿನಗಳು. ಸ್ವಂತ ಜಮೀನಿಲ್ಲದ, ಪಹಣಿಯಲ್ಲಿ ಹೆಸರಿಲ್ಲದ, ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಆಳುಗಳಿಗೆ ಬೆಳೆ ಪರಿಹಾರವೂ ಇಲ್ಲ, ಸಾಲಮನ್ನಾವೂ ಇಲ್ಲ. ರೈತನ ನಷ್ಟ ಅರ್ಜಿಯಾಗಿಯಾದರೂ ಕಚೇರಿ ತಲುಪುತ್ತದೆ. ಆಳಿನ ನಷ್ಟ ಅರ್ಜಿಯೂ ಆಗದೆ ಕರಗಿಹೋಗುತ್ತದೆ.

ಅಲ್ಲಿಂದ ಮುಂದಿನ ಇಳಿಜಾರು ಮರಗಳದು. ಸಾಲದ ಕಂತು ಎದುರು ನಿಂತಾಗ ತೋಟದಲ್ಲಿ ತಕ್ಷಣ ಹಣವಾಗಬಲ್ಲದ್ದು ನಾಟಾ ಒಂದೇ. ನೂರಾರು ವರ್ಷ ತೋಟಕ್ಕೆ ನೆರಳು ಕೊಟ್ಟ ಹೊನ್ನೆ, ನಂದಿ, ಹಲಸಿನ ಮರಗಳು ಹೋಗುತ್ತವೆ; ಅವುಗಳ ಜಾಗದಲ್ಲಿ ಬೇಗ ಬೆಳೆದು ಬೇಗ ಮಾರಾಟವಾಗುವ ಸಿಲ್ವರ್ ಓಕ್ ಬರುತ್ತದೆ. ಹಕ್ಕಿಗೂ ಮಂಗಟ್ಟೆಗೂ ಜೇನಿಗೂ ಅದರಲ್ಲಿ ಹಣ್ಣಿಲ್ಲ, ಪೊಟರೆಯಿಲ್ಲ. ನೆರಳಿನ ಮರಗಳ ಕೆಳಗೆ ಬೆಳೆದ ಕಾಫಿ ಮತ್ತು ಮೆಣಸಿನ ತೋಟ ಕಾಡಿಗೂ ಊರಿಗೂ ನಡುವಿನ ಸೇತುವೆಯಂತಿದೆ. ಮಳೆಯ ಹೊಡೆತವನ್ನು ತಡೆದು, ತರಗೆಲೆಯಲ್ಲಿ ನೀರನ್ನು ಹಿಡಿದು ಹಳ್ಳಗಳಿಗೆ ನಿಧಾನವಾಗಿ ಬಿಡುವುದು ಅದರ ಸದ್ದಿಲ್ಲದ ಕೆಲಸ. ಆ ಸೇತುವೆಯ ಕಲ್ಲುಗಳು ಒಂದೊಂದಾಗಿ ಕಳಚುತ್ತವೆ.

ಕೊನೆಗೆ ಜಮೀನೇ ಕೈಬಿಡುತ್ತದೆ. ಮೂರು ವರ್ಷ ಬಡ್ಡಿ ಕಟ್ಟಲಾಗದವನಿಗೆ ರೆಸಾರ್ಟಿಗೋ ಬಡಾವಣೆಗೋ ಜಾಗ ಹುಡುಕಿಕೊಂಡು ಬರುವ ದಲ್ಲಾಳಿಯೇ ಉಳಿದ ಆಸರೆ. ಬೆಟ್ಟದ ಇಳಿಜಾರು ಸಮತಟ್ಟಾದ ಮೇಲೆ, ಮುಂದಿನ ಮಳೆಗಾಲದಲ್ಲಿ ಧರೆ ಕುಸಿದರೆ ಅದನ್ನು ಪ್ರಕೃತಿ ವಿಕೋಪವೆಂದು ಬರೆದುಕೊಳ್ಳಲಾಗುತ್ತದೆ. ಧಾರಣೆಯ ಕುಸಿತಕ್ಕೂ ಧರೆಯ ಕುಸಿತಕ್ಕೂ ಇರುವ ನಂಟು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ವ್ಯಾಪಾರದಿಂದ ನೊಂದವರಿಗೆ ನೆರವು ಎಂಬ ವಿಷಯ ಅರ್ಥಶಾಸ್ತ್ರಜ್ಞರದಷ್ಟೇ ಅಲ್ಲ, ಕಾಡಿನ ಬಗ್ಗೆ ಕಾಳಜಿಯುಳ್ಳ ಎಲ್ಲರದೂ ಆಗುವುದು ಈ ಕಾರಣಕ್ಕೆ.

ಅಮೆರಿಕದ ಅರವತ್ತು ವರ್ಷ

ಈ ಋಣವನ್ನು ಕಾನೂನಿನಲ್ಲಿಯೇ ಒಪ್ಪಿಕೊಂಡ ದೇಶಗಳಿವೆ. ಅಮೆರಿಕದಲ್ಲಿ 1962ರಲ್ಲಿ, ಅಧ್ಯಕ್ಷ ಕೆನಡಿಯವರ ಕಾಲದಲ್ಲಿ, ವ್ಯಾಪಾರ ವಿಸ್ತರಣಾ ಕಾಯಿದೆ ಬಂದಿತು. ರಾಷ್ಟ್ರದ ಹಿತಕ್ಕೆಂದು ಸುಂಕ ಇಳಿಸಿದಾಗ ಅದರ ಪೂರ್ತಿ ಹೊರೆಯನ್ನು ಏಟು ತಿಂದವರೇ ಹೊರಬಾರದು, ಸರ್ಕಾರವೂ ಹೆಗಲು ಕೊಡಬೇಕು ಎಂಬುದು ಅಂದಿನ ವಾದ. ಸುಂಕ ಇಳಿಸುವ ಅಧಿಕಾರವೂ ನೊಂದವರಿಗೆ ನೆರವಾಗುವ ಹೊಣೆಯೂ ಒಂದೇ ಕಾಯಿದೆಯಲ್ಲಿ ಜೊತೆಜೊತೆಯಾಗಿ ಬಂದವು. ವ್ಯಾಪಾರ ಹೊಂದಾಣಿಕೆ ನೆರವು ಎಂಬ ಹೆಸರಿನ ಈ ಯೋಜನೆಯಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಹೊಸ ಕೆಲಸದ ತರಬೇತಿ, ನಿರುದ್ಯೋಗ ವಿಮೆ ಮುಗಿದ ಮೇಲೂ ವಾರದ ಭತ್ಯೆ, ಬೇರೆ ಊರಿಗೆ ಹೋಗುವ ಖರ್ಚು ಮೊದಲಾದ ಸೌಲಭ್ಯಗಳಿದ್ದವು. ಪೆಟ್ಟು ತಿಂದ ಸಣ್ಣ ಕಾರ್ಖಾನೆಗಳಿಗೆ ಪ್ರತ್ಯೇಕ ನೆರವಿತ್ತು.

ಆದರೆ ಕಾಗದದ ಮೇಲಿನ ಹಕ್ಕು ಕೈಗೆ ಬರಲು ಏಳು ವರ್ಷ ಹಿಡಿಯಿತು. ಸುಂಕ ಇಳಿಸಿದ್ದೇ ಆಮದು ಹೆಚ್ಚಲು ಮುಖ್ಯ ಕಾರಣ, ಆಮದೇ ಕೆಲಸ ಹೋಗಲು ಮುಖ್ಯ ಕಾರಣ ಎಂದು ಸಾಬೀತುಪಡಿಸಬೇಕೆಂಬ ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, 1969ರ ನವೆಂಬರ್‌ವರೆಗೆ ಕಾರ್ಮಿಕರ ಒಂದು ಅರ್ಜಿಯೂ ಪುರಸ್ಕೃತವಾಗಲಿಲ್ಲ. 1974ರ ಕಾಯಿದೆ ಆ ಗಂಟನ್ನು ಸಡಿಲಿಸಿತು. ಕೆಲಸ ಕಳೆದುಕೊಂಡ ಮೂವರು ಕಾರ್ಮಿಕರು ಸೇರಿ ಅರ್ಜಿ ಹಾಕಿದರೂ ಸರ್ಕಾರ ವಿಚಾರಣೆ ನಡೆಸಲೇಬೇಕಾಯಿತು. ಅಲ್ಲಿಂದ ಮುಂದೆ ಐವತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ನೆರವಿಗೆ ಅರ್ಹರೆಂದು ಪ್ರಮಾಣಪತ್ರ ಪಡೆದರು.

2002ರಲ್ಲಿ ರೈತರಿಗೂ ಮೀನುಗಾರರಿಗೂ ಇದೇ ಬಗೆಯ ಯೋಜನೆ ಸೇರಿತು. ಬೆಲೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ. 20ಕ್ಕೂ ಹೆಚ್ಚು ಇಳಿದು, ಅದಕ್ಕೆ ಆಮದು ಗಣನೀಯ ಕಾರಣವಾಗಿದ್ದರೆ, ಒಬ್ಬ ರೈತನಿಗೆ ವರ್ಷಕ್ಕೆ ಗರಿಷ್ಠ 10,000 ಡಾಲರ್ ನೆರವು ದೊರೆಯುತ್ತಿತ್ತು. ಜೊತೆಗೆ ಬೆಳೆ ಬದಲಾಯಿಸಲು, ಖರ್ಚು ತಗ್ಗಿಸಲು ತಾಂತ್ರಿಕ ಸಲಹೆ. ಅಲಾಸ್ಕಾದ ಸಾಲ್ಮನ್ ಮೀನುಗಾರರು, ದಕ್ಷಿಣ ಕರಾವಳಿಯ ಸಿಗಡಿ ಹಿಡಿಯುವವರು ಇದರ ಪ್ರಯೋಜನ ಪಡೆದರು.

ಇಷ್ಟಾದರೂ ಯೋಜನೆ ತನ್ನ ಉದ್ದೇಶವನ್ನು ಪೂರ್ತಿ ಈಡೇರಿಸಲಿಲ್ಲ. ಚೀನಾದ ಆಮದಿನಿಂದ ಕಾರ್ಖಾನೆಗಳು ಮುಚ್ಚಿದ ಊರುಗಳನ್ನು ಅಭ್ಯಸಿಸಿ ಆಟರ್, ಡಾರ್ನ್, ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಲೇಖನ, ಅಂತಹ ಊರುಗಳಲ್ಲಿ ಉದ್ಯೋಗವೂ ಕೂಲಿಯೂ ಕುಗ್ಗಿದ್ದನ್ನು ತೋರಿಸಿತು. ಅಲ್ಲಿನ ಜನರಿಗೆ ಅಂಗವೈಕಲ್ಯ ಪಿಂಚಣಿಯೇ ಮೊದಲಾದ ಬೇರೆ ದಾರಿಗಳಿಂದ ಬಂದ ಹಣಕ್ಕೆ ಹೋಲಿಸಿದರೆ, ವ್ಯಾಪಾರದ ಏಟಿಗೆಂದೇ ಇದ್ದ ನೆರವು ಅತ್ಯಲ್ಪವಾಗಿತ್ತು. ನಡುವಯಸ್ಸು ದಾಟಿದ ನೇಕಾರನಿಗೆ ಗಣಕಯಂತ್ರದ ತರಬೇತಿ ಕೊಟ್ಟರೂ, ಊರಲ್ಲಿ ಗಣಕಯಂತ್ರದ ಕೆಲಸವೇ ಇಲ್ಲದಿದ್ದರೆ ಆ ತರಬೇತಿಯಿಂದ ಏನು ಫಲ? ಇನ್ನು, ಅವಧಿ ಮುಗಿದಾಗಲೆಲ್ಲ ಸಂಸತ್ತು ಮುಂದುವರಿಸಬೇಕಾದ ಯೋಜನೆಯಾದ್ದರಿಂದ ಅದು ಸದಾ ಚೌಕಾಶಿಯ ವಸ್ತುವಾಗಿತ್ತು. ರೈತರ ಭಾಗಕ್ಕೆ 2011ರ ನಂತರ ಹಣ ಒದಗಲಿಲ್ಲ. 2022ರ ಜುಲೈ 1ರಿಂದ ಕಾರ್ಮಿಕರ ಹೊಸ ಅರ್ಜಿಗಳ ಪರಿಶೀಲನೆಯೂ ನಿಂತಿತು. ಹುಟ್ಟಿದ ಅರವತ್ತು ವರ್ಷಕ್ಕೆ, ಯೋಜನೆ ಸದ್ದಿಲ್ಲದೆ ಕಣ್ಣು ಮುಚ್ಚಿತು.

ಯುರೋಪಿನ ಒಕ್ಕೂಟ 2007ರಿಂದ ಜಾಗತೀಕರಣ ಹೊಂದಾಣಿಕೆ ನಿಧಿಯೊಂದನ್ನು ನಡೆಸುತ್ತಿದೆ. ಮೊದಲು ಒಮ್ಮೆಗೇ ಸಾವಿರ ಮಂದಿ ಕೆಲಸ ಕಳೆದುಕೊಂಡರೆ ಮಾತ್ರ ಅದು ಬಾಗಿಲು ತೆರೆಯುತ್ತಿತ್ತು. ಆ ಮಿತಿ ಕ್ರಮೇಣ ಇಳಿದು 2021ರಲ್ಲಿ 200ಕ್ಕೆ ಬಂದಿತು. ದೊಡ್ಡ ಕಾರ್ಖಾನೆಯ ಗೇಟು ಮುಚ್ಚಿದ ಸದ್ದು ಎಲ್ಲರಿಗೂ ಕೇಳುತ್ತದೆ, ಚದುರಿಹೋದ ಸಣ್ಣವರ ನಷ್ಟ ಕೇಳುವುದಿಲ್ಲ ಎಂಬುದನ್ನು ಆ ಒಕ್ಕೂಟವೂ ನಿಧಾನವಾಗಿ ಕಲಿತಂತಿದೆ. ಹತ್ತು ಹತ್ತು ಆಳುಗಳಂತೆ ನೂರಾರು ತೋಟಗಳಲ್ಲಿ ಹಂಚಿಹೋದ ಮಲೆನಾಡಿನ ದುಡಿಮೆಗಾರರಿಗೆ ಈ ಪಾಠ ಹೆಚ್ಚು ಹತ್ತಿರದ್ದು.

ಭಾರತದಲ್ಲಿ ನಡೆದದ್ದು

ಭಾರತದಲ್ಲಿ ಇಂತಹ ಕಾನೂನಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಒಂದು ಕಾಕತಾಳೀಯವಿದೆ. ಕೇಂದ್ರ ಪಟ್ಟಿಯ 14ನೆಯ ನಮೂದು ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಕುರಿತದ್ದು; ರಾಜ್ಯ ಪಟ್ಟಿಯ 14ನೆಯ ನಮೂದು ಕೃಷಿ. ಸಹಿ ಹಾಕುವ ಕೈ ಒಂದು ಕಡೆ, ನಷ್ಟ ಹೊರುವ ಹೆಗಲು ಇನ್ನೊಂದು ಕಡೆ. ಧಾರಣೆ ಬಿದ್ದಾಗ ರಾಜ್ಯ ಕೇಂದ್ರದತ್ತ ಬೆರಳು ತೋರಿಸುತ್ತದೆ, ಕೇಂದ್ರ ಕೃಷಿ ರಾಜ್ಯದ ವಿಷಯವೆನ್ನುತ್ತದೆ. ಎರಡು ಪಟ್ಟಿಗಳ ನಡುವಿನ ಸಂದಿನಲ್ಲಿ ರೈತನೂ ಆಳೂ ಸಿಕ್ಕಿಕೊಳ್ಳುತ್ತಾರೆ.

ಪ್ರಯತ್ನಗಳು ಆಗಿಲ್ಲವೆಂದಲ್ಲ. ಕಾಫಿ, ಚಹ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗಾಗಿ 2003ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿಯನ್ನು ಸ್ಥಾಪಿಸಿತು. ಬೆಲೆ ಬಿದ್ದ ವರ್ಷದಲ್ಲಿ ಸದಸ್ಯ ಬೆಳೆಗಾರನ ಖಾತೆಗೆ ಸರ್ಕಾರ ಹಾಕುತ್ತಿದ್ದ ಮೊತ್ತ 1,000 ರೂಪಾಯಿ. ಅದಕ್ಕಾಗಿ ಬೆಳೆಗಾರನೂ ಸದಸ್ಯತ್ವದ ಹಣ ಕಟ್ಟಿ ನೋಂದಾಯಿಸಿಕೊಳ್ಳಬೇಕಿತ್ತು. ಎಕರೆಗಟ್ಟಲೆ ನಷ್ಟಕ್ಕೆ ಸಾವಿರ ರೂಪಾಯಿಯ ಮದ್ದು ಯಾರನ್ನೂ ಆಕರ್ಷಿಸಲಿಲ್ಲ. ನಿರೀಕ್ಷಿಸಿದ್ದರಲ್ಲಿ ಅತಿ ಸಣ್ಣ ಪಾಲಿನ ಬೆಳೆಗಾರರು ಮಾತ್ರ ಸೇರಿದರು. 2013ರಲ್ಲಿ ಯೋಜನೆ ಮುಗಿಯಿತು. ಕಾಳುಮೆಣಸಿಗೆ ಆ ನಿಧಿಯಲ್ಲಿ ಜಾಗವೇ ಇರಲಿಲ್ಲ. ತೋಟದ ಕಾರ್ಮಿಕರಿಗಂತೂ ಮೊದಲೇ ಇಲ್ಲ.

ಕನಿಷ್ಠ ಆಮದು ದರದ ದಾರಿ ಇನ್ನೊಂದು. ಅಡಿಕೆಗೆ ಈ ದರವನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಬೆಳೆಗಾರರಿಗೆ ಇದು ಆಸರೆಯಾದದ್ದು ನಿಜ. ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಅನುಮತಿ ನೀಡಲಾಗಿತ್ತು. ಒಂದು ಅಧಿಸೂಚನೆ ಕಟ್ಟಿದ ಬೇಲಿಯನ್ನು ಇನ್ನೊಂದು ಅಧಿಸೂಚನೆ ದಾಟಿಸಬಲ್ಲದು. ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಕಾಯುವುದು ಸರಕಿನ ಬೆಲೆಯನ್ನು. ತಿಂಗಳಲ್ಲಿ ಹತ್ತು ದಿನದ ಕೆಲಸ ಕಳೆದುಕೊಂಡ ಆಳಿನ ಕೈಗೆ ಅದರಿಂದ ಏನೂ ಬರುವುದಿಲ್ಲ.

ಮನಸ್ಸಿದ್ದರೆ ಸರ್ಕಾರ ಬೇಗ ನಡೆಯಬಲ್ಲದೆಂಬುದಕ್ಕೂ ಸಾಕ್ಷಿಯಿದೆ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹಲವು ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಮೂರು ತಿಂಗಳೊಳಗೆ, ಅದೇ ವರ್ಷದ ನವೆಂಬರ್‌ನಲ್ಲಿ, ಕೇಂದ್ರ ಸಚಿವ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಯೋಜನೆಗೂ ರಫ್ತುದಾರರಿಗೆ 20,000 ಕೋಟಿ ರೂಪಾಯಿವರೆಗಿನ ಸಾಲದ ಖಾತರಿಗೂ ಒಪ್ಪಿಗೆ ನೀಡಿತು. ಹೊರದೇಶದ ಸುಂಕದಿಂದ ರಫ್ತುದಾರನಿಗೆ ಬಿದ್ದ ಏಟು ಸರ್ಕಾರಕ್ಕೆ ಕಾಣಿಸಿತು, ಅದು ಸರಿಯೇ. ಸ್ವದೇಶದ ಸುಂಕ ಇಳಿಕೆಯಿಂದ ಮೆಣಸಿನ ರೈತನಿಗೂ ಅವನ ಆಳಿಗೂ ಬಿದ್ದ ಏಟು ಅಷ್ಟೇ ನಿಚ್ಚಳವಾಗಿ ಏಕೆ ಕಾಣಿಸದು?

ಪುತ್ತೂರಿನ ಪಾಠ

ಘಟ್ಟದ ಬುಡದಲ್ಲಿಯೇ ಒಂದು ಉತ್ತರ ಸಿದ್ಧವಾಗಿ ನಿಂತಿದೆ. ಎಪ್ಪತ್ತರ ದಶಕದಲ್ಲಿ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಉಪಬೆಳೆಯಾಗಿ ಕೋಕೋ ನೆಟ್ಟಿದ್ದರು. ದಶಕದ ಕೊನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಕುಸಿಯಿತು, ಕೊಳ್ಳುತ್ತಿದ್ದವರು ಕೈಬಿಟ್ಟರು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೋಕೋ ಕೊಳ್ಳಲು ಮುಂದೆ ಬಂದಿತು. ಕೊಂಡದ್ದನ್ನು ಕಚ್ಚಾ ಮಾಲಾಗಿಯೇ ಹೊರದೇಶಕ್ಕೆ ಮಾರುತ್ತ ಕೂರದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಕಿತ್ತೊಗೆಯಬೇಕಾಗಿದ್ದ ಗಿಡ ತೋಟದಲ್ಲಿ ಉಳಿಯಿತು, ಊರಿಗೆ ಕಾರ್ಖಾನೆಯ ಕೆಲಸ ಬಂದಿತು.

ಅಮೆರಿಕದ ಯೋಜನೆಯಲ್ಲಿ ಕಾನೂನಿನ ಹಕ್ಕಿತ್ತು, ಊರಿನಲ್ಲಿ ಕೆಲಸ ಹುಟ್ಟಿಸುವ ಶಕ್ತಿ ಇರಲಿಲ್ಲ. ಪುತ್ತೂರಿನಲ್ಲಿ ಕೆಲಸ ಹುಟ್ಟಿಸುವ ಶಕ್ತಿಯಿತ್ತು, ಅದರ ಬೆನ್ನಿಗೆ ಕಾನೂನಿನ ಹಕ್ಕಿರಲಿಲ್ಲ. ಗಟ್ಟಿಯಾದ ಸಹಕಾರಿ ಸಂಘವಿಲ್ಲದ ಸೀಮೆಗೆ ಆ ಭಾಗ್ಯ ಬರಲಿಲ್ಲ. ಈ ಎರಡನ್ನೂ ಒಂದು ನೊಗಕ್ಕೆ ಹೂಡುವುದೇ ಮುಂದಿನ ಕೆಲಸ.

ಏನಾಗಬೇಕು

ಮೊದಲನೆಯದಾಗಿ, ಯಾವ ವ್ಯಾಪಾರ ಒಪ್ಪಂದಕ್ಕೂ ಸಹಿ ಬೀಳುವ ಮುನ್ನ ಅದು ಯಾವ ಜಿಲ್ಲೆಯ ಯಾವ ಬೆಳೆಗೆ, ಎಷ್ಟು ಮಂದಿಯ ದುಡಿಮೆಗೆ ತಾಗೀತೆಂಬ ಅಂದಾಜು ಪ್ರಕಟವಾಗಬೇಕು. ಅದು ಕನ್ನಡದಲ್ಲಿ ಗ್ರಾಮಸಭೆಗಳಿಗೆ ತಲುಪಬೇಕು, ವಿಧಾನಸಭೆಯಲ್ಲಿ ಚರ್ಚೆಯಾಗಬೇಕು. ಹೈನುಗಾರರು, ರೈತರು, ಸಣ್ಣ ಉದ್ಯಮಗಳವರು ಎತ್ತಿದ ಆತಂಕದ ನಡುವೆ 2019ರ ನವೆಂಬರ್ 4ರಂದು ಭಾರತ ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಿಂದ ಹೊರಗುಳಿಯಿತು. ಜನ ಮಾತನಾಡಿದರೆ ಕೇಳಿಸುತ್ತದೆಂಬುದಕ್ಕೆ ಅದು ನಿದರ್ಶನ.

ಎರಡನೆಯದಾಗಿ, ನೆರವು ತಾನಾಗಿಯೇ ಬಿಡುಗಡೆಯಾಗುವ ನಿಯಮ ಬೇಕು. ಸುಂಕ ಇಳಿಸಲಾದ ಸರಕೊಂದರ ಧಾರಣೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ನಿಗದಿತ ಪ್ರಮಾಣದಲ್ಲಿ ಬಿದ್ದು, ಅದರ ಆಮದೂ ಏರಿದ್ದರೆ, ಆ ಬೆಳೆಯ ಸೀಮೆಗೆಲ್ಲ ನೆರವು ಸಲ್ಲಬೇಕು. ಧಾರಣೆಯ ಲೆಕ್ಕ ಮಾರುಕಟ್ಟೆ ಸಮಿತಿಗಳಲ್ಲಿದೆ, ಆಮದಿನ ಲೆಕ್ಕ ಬಂದರಿನಲ್ಲಿದೆ. ಎರಡೂ ಸರ್ಕಾರದ ಕೈಯಲ್ಲಿಯೇ ಇರುವಾಗ ರೈತನನ್ನು ಪುರಾವೆಗಾಗಿ ಅಲೆಸುವುದರಲ್ಲಿ ಅರ್ಥವಿಲ್ಲ. 1962ರಿಂದ 1969ರವರೆಗಿನ ಅಮೆರಿಕದ ಏಳು ವ್ಯರ್ಥ ವರ್ಷಗಳನ್ನು ಇಲ್ಲಿ ಮತ್ತೆ ಕಳೆಯಬೇಕಾಗಿಲ್ಲ.

ಮೂರನೆಯದಾಗಿ, ನೆರವಿನ ಮೊದಲ ಪಾಲು ದುಡಿಯುವವರದಾಗಬೇಕು. ಪಹಣಿಯನ್ನು ಮಾತ್ರ ನೋಡಿ ಹಣ ಹಂಚಿದರೆ ಲೈನ್ ಮನೆ ಮತ್ತೆ ಕತ್ತಲೆಯಲ್ಲಿಯೇ ಉಳಿಯುತ್ತದೆ. ತೋಟದ ಕಾರ್ಮಿಕರ ಪಟ್ಟಿ, ವಲಸೆ ಬಂದವರೂ ಸೇರಿದಂತೆ, ಪಂಚಾಯಿತಿಯಲ್ಲಿರಬೇಕು. ಧಾರಣೆ ಬಿದ್ದ ವರ್ಷ ಕಳೆದುಹೋದ ದಿನಗಳಿಗೆ ಬದಲಾಗಿ ಕೆರೆಯ ಹೂಳೆತ್ತುವುದು, ಹಳ್ಳದ ದಂಡೆ ಕಟ್ಟುವುದು, ಸೊಪ್ಪಿನಬೆಟ್ಟದಲ್ಲಿ ಕಾಡುಗಿಡ ನೆಡುವುದು ಮುಂತಾದ ಕೆಲಸ ಸರಿಯಾದ ಕೂಲಿಗೆ ದೊರೆಯಬೇಕು.

ನಾಲ್ಕನೆಯದಾಗಿ, ನೆರವು ಮರಗಳನ್ನು ಉಳಿಸುವಂತಿರಬೇಕು. ನಾಡಮರಗಳ ನೆರಳನ್ನು ಉಳಿಸಿಕೊಂಡ, ಒಂದೇ ಬೆಳೆಗೆ ಜೋತುಬೀಳದ ತೋಟಕ್ಕೆ ಹೆಚ್ಚಿನ ನೆರವೂ ಸಾಲದ ಕಂತಿಗೆ ಬಿಡುವೂ ಸಿಗಬೇಕು. ಬೆಲೆ ಏರಿದಾಗ ಬೆಟ್ಟ ಸವರಿ ತೋಟ ಹಬ್ಬಿಸಿ, ಇಳಿದಾಗ ಪರಿಹಾರ ಬೇಡುವ ಚಾಳಿಗೆ ಈ ನಿಧಿ ಗೊಬ್ಬರವಾಗಬಾರದು. ಈ ಮಾತನ್ನು ಮಲೆನಾಡು ಮೊದಲು ತನಗೆ ತಾನೇ ಹೇಳಿಕೊಳ್ಳಬೇಕಾಗಿದೆ.

ಐದನೆಯದಾಗಿ, ಸಹಕಾರಿ ಸಂಘಗಳಿಗೂ ಸಣ್ಣ ಸಂಸ್ಕರಣಾ ಘಟಕಗಳಿಗೂ ಬಂಡವಾಳ ಒದಗಬೇಕು. ಬಿಳಿಮೆಣಸು, ಮೆಣಸಿನ ಎಣ್ಣೆ, ಹುರಿದು ಪುಡಿಮಾಡಿದ ಕಾಫಿ ಊರಿನಲ್ಲಿಯೇ ತಯಾರಾದರೆ ಕಚ್ಚಾ ಮಾಲಿನ ಧಾರಣೆಯ ಏರಿಳಿತ ಈಗಿನಷ್ಟು ನೇರವಾಗಿ ಒಲೆಗೆ ತಾಗದು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಮದಾಗುವ ಮೆಣಸು, ಅಡಿಕೆ, ತಾಳೆ ಎಣ್ಣೆಗಳ ಮೇಲೆ ಸರ್ಕಾರ ಇಂದಿಗೂ ಸುಂಕ ವಸೂಲು ಮಾಡುತ್ತಿದೆ. ಅದರ ಒಂದು ಪಾಲನ್ನು, ಆ ಬೆಳೆಗಳ ಸೀಮೆಗೆಂದೇ, ವರ್ಷ ವರ್ಷದ ಮುಂಗಡಪತ್ರದ ಚೌಕಾಶಿಗೆ ಸಿಗದಂತೆ ಕಾನೂನಿನಿಂದಲೇ ಮೀಸಲಿಟ್ಟರೆ ನಿಧಿಯ ಬುನಾದಿ ಸಿದ್ಧವಾಗುತ್ತದೆ. ದುರುಪಯೋಗದ ಭಯಕ್ಕೆ ಮದ್ದು ಗ್ರಾಮಸಭೆಯ ಬಹಿರಂಗ ಲೆಕ್ಕ.

ಇತ್ತೀಚಿನ ವರ್ಷಗಳಲ್ಲಿ ಮೆಣಸಿನ ಧಾರಣೆಯೂ ಕಾಫಿಯ ಧಾರಣೆಯೂ ಮತ್ತೆ ತಲೆಯೆತ್ತಿವೆ. ಹಳೆಯ ಸಂಕಟ ಮರೆತುಹೋಗುತ್ತಿದೆ. ಮಳೆ ಬರುವ ಮುನ್ನವೇ ಮಾಡಿನ ಹೆಂಚು ಸರಿಪಡಿಸುವುದು ಬೆಟ್ಟದ ಮನೆಗಳ ವಾಡಿಕೆ. ಧಾರಣೆ ಚೆನ್ನಾಗಿರುವಾಗ ಕೇಳದ ಹಕ್ಕು ಬಿದ್ದ ದಿನ ಭಿಕ್ಷೆಯಾಗಿ ಮಾತ್ರ ಸಿಗುತ್ತದೆ. ಬರುವ ಗ್ರಾಮಸಭೆಗಳಲ್ಲಿ ರೈತರೂ ತೋಟದ ಆಳುಗಳೂ ಒಂದೇ ಜಗಲಿಯಲ್ಲಿ ಕುಳಿತು ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆಯಲಿ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ವರ್ಷದ ಧಾರಣೆಯನ್ನೂ, ಕಡಿದ ಮರಗಳನ್ನೂ, ಕಳೆದುಹೋದ ದುಡಿಮೆಯ ದಿನಗಳನ್ನೂ ಪಟ್ಟಿ ಮಾಡಿ ಅದರ ಜೊತೆಗಿಡಲಿ. ಮುಂದಿನ ಒಪ್ಪಂದದ ಕಾಗದ ಮೇಜಿನ ಮೇಲೆ ಬಂದಾಗ, ಆ ಪಟ್ಟಿಯೂ ಅದೇ ಮೇಜಿನ ಮೇಲಿರಬೇಕು.